ಹಸಿರಿನ ಹೆಸರು: ಒಂದು ಪದಬಂಧದ ಪ್ರಸಂಗ

ಪದಬಂಧವೆಂಬುದು ಬಿಡುವಿನ ವೇಳೆಯ ವಿನೋದವೆಂದೇ ನಾವು ಬಹುಕಾಲ ಭಾವಿಸಿದ್ದೆವು. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿ ಬೆಳೆದವರಿಗೆ ಪತ್ರಿಕೆಯ ಮೂಲೆಯಲ್ಲಿನ ಕಪ್ಪುಬಿಳುಪು ಮನೆಗಳನ್ನು ತುಂಬುವುದು ಅಡಕೆ ಮೆಲ್ಲುತ್ತ ಕುಳಿತಷ್ಟೇ ಸಲೀಸಾದ ಕೆಲಸ. ಆದರೆ ಕಳೆದ ಬೇಸಿಗೆಯ ರಜೆಯಲ್ಲಿ ನಾವೇ ರಚಿಸಿದ ಒಂದು ಪದಬಂಧವು ನಮ್ಮನ್ನು ಹುಕ್ಕೇರಿ ತಾಲೂಕಿನ ದಡ್ಡಿಯವರೆಗೆ ಎಳೆದುಕೊಂಡು ಹೋಯಿತು; ಅದೂ ತಪ್ಪೊಪ್ಪಿಕೊಳ್ಳುವುದಕ್ಕಾಗಿ. ಆ ಪ್ರಸಂಗವನ್ನು ಓದುಗ ಬಂಧುಗಳ ಮುಂದಿಡುವುದು ಯೋಗ್ಯವೆಂದು ತೋರಿದ್ದರಿಂದ ಈ ಬರಹ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಿಂದ ಸುಮಾರು ನಲವತ್ತು ಮಕ್ಕಳು ಸೇರಿದ್ದ ಒಂದು ಶಿಬಿರವದು. ಮುಂಜಾನೆ ವಚನಪಾಠ, ಮಧ್ಯಾಹ್ನ ಉಂಡ ಮೇಲೆ ನೆರಳಿನಲ್ಲಿ ಕುಳಿತು ಮಾಡುವಂಥದೇನಾದರೂ ಬೇಕೆಂದು ಶಿಬಿರದವರು ಕೇಳಿದರು. ಹಸಿರು ಬಣ್ಣದ ಗಿಡ, ನೀರಹಸಿರು, ಪಶುಪಕ್ಷಿ, ಹುಳುಹುಪ್ಪಟೆಗಳ ಹೆಸರುಗಳಿಂದಲೇ ಒಂದು ಪದಬಂಧ ಕಟ್ಟಿಕೊಡುವುದಾಗಿ ನಾವು ಒಪ್ಪಿಕೊಂಡೆವು. ಎರಡು ರಾತ್ರಿಯ ಕೆಲಸ. ಅಷ್ಟು ಹೊತ್ತು ಹಿಡಿದದ್ದೇಕೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು.

ಪದಬಂಧದ ಈಗಿನ ರೂಪ ಹುಟ್ಟಿದ್ದು ಅಮೇರಿಕೆಯಲ್ಲಿ, 1913ರ ಡಿಸೆಂಬರ್ 21ರಂದು, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಪುರವಣಿಯಲ್ಲಿ. ಆರ್ಥರ್ ವಿನ್ ಎಂಬ ಪತ್ರಕರ್ತ ಅದನ್ನು ವಜ್ರಾಕೃತಿಯಲ್ಲಿ ರಚಿಸಿದ್ದ. ಇಂಗ್ಲಿಷಿನಲ್ಲಿ ಇಪ್ಪತ್ತಾರೇ ಅಕ್ಷರ. ಒಂದು ಮನೆಗೆ ಒಂದು ಅಕ್ಷರ. ಅಡ್ಡಸಾಲು ಉದ್ದಸಾಲುಗಳು ಎಲ್ಲಿ ಬೇಕಾದರಲ್ಲಿ ಕೂಡುತ್ತವೆ. ಕನ್ನಡದ ಮಾತು ಬೇರೆ. ನಮ್ಮಲ್ಲಿ ಮನೆಯೊಳಗೆ ಕೂಡುವುದು ಬರಿಯ ವರ್ಣವಲ್ಲ, ಗುಣಿತವನ್ನೂ ಒತ್ತನ್ನೂ ಸೊನ್ನೆಯನ್ನೂ ಹೊತ್ತ ಪೂರ್ಣಾಕ್ಷರ. ‘ಗೋಸುಂಬೆ’ಗೆ ಮೂರು ಮನೆ, ‘ಓತಿಕ್ಯಾತ’ನಿಗೆ ನಾಲ್ಕು, ಬಿಲ್ವಕ್ಕೆ ಎರಡೇ. ಮೂವತ್ತನಾಲ್ಕು ವ್ಯಂಜನಗಳು, ಒಂದೊಂದಕ್ಕೂ ಹನ್ನೆರಡು ಹದಿಮೂರು ಗುಣಿತ, ಮೇಲೆ ಒತ್ತಕ್ಷರಗಳು. ನೂರಾರು ಅಕ್ಷರಗಳಲ್ಲಿ ಒಂದು ಇನ್ನೊಂದಕ್ಕೆ ತಂತಾನೇ ಕೂಡಿಬರುವುದು ದುರ್ಲಭ.

‘ಹಸಿರು’ ಎಂಬುದನ್ನೇ ತೆಗೆದುಕೊಳ್ಳಿರಿ. ಅದರ ನಡುವಿನ ‘ಸಿ’ಯ ಮೇಲೆ ಹಾಯಬೇಕಾದ ಶಬ್ದದಲ್ಲಿ ‘ಸಿ’ಯೇ ಇರಬೇಕು, ‘ಸ’ ಸಾಲದು, ‘ಸೆ’ ಸಾಲದು. ನಮಗೆ ‘ತುಳಸಿ’ ಒದಗಿತು. ಅದೇ ಶಬ್ದವನ್ನು ‘ಹಸುರು’ ಎಂದು ಬರೆಯುವ ರೂಢಿಯೂ ಉಂಟು. ಹಾಗೆ ಬರೆದರೆ ತುಳಸಿ ಹೊರಬಿದ್ದು, ನಮ್ಮ ಜೋಳದ ಹೊಲದ ಅಕ್ಕಡಿ ಸಾಲಿನ ‘ಕುಸುಬಿ’ ಒಳಬರುತ್ತದೆ. ಎರಡೂ ಶುದ್ಧ, ಎರಡೂ ಹಸಿರು. ಆದರೆ ಒಂದು ಗುಣಿತದ ವ್ಯತ್ಯಾಸಕ್ಕೆ ಒಂದು ಗಿಡ ಬದುಕುತ್ತದೆ, ಇನ್ನೊಂದು ಸಾಯುತ್ತದೆ. ಪದಬಂಧ ಕಟ್ಟುವವನ ಕೈಯಲ್ಲಿ ಇಂಥ ಅಧಿಕಾರವಿದೆಯೆಂಬುದು ಆಗ ನಮಗೆ ಹೊಳೆದಿರಲಿಲ್ಲ.

ಹಸಿರಿನ ಸುತ್ತಲಿನ ಶಬ್ದಗಳು ಎಷ್ಟು ತುಂಟವೆಂದರೆ, ಅವುಗಳಿಂದ ಸೂಚನೆ ಹೊಸೆಯುವುದೇ ಒಂದು ಸುಖ. ಸಂಸ್ಕೃತದ ‘ಹರಿ’ ಶಬ್ದಕ್ಕೆ ಅಮರಕೋಶದ ನಾನಾರ್ಥವರ್ಗ ಹದಿಮೂರು ಅರ್ಥಗಳನ್ನು ಹೇಳಿ, ಮೇಲೊಂದು ಬಣ್ಣವನ್ನೂ ಸೇರಿಸುತ್ತದೆ. ಯಮ, ವಾಯು, ಇಂದ್ರ, ಚಂದ್ರ, ಸೂರ್ಯ, ವಿಷ್ಣುಗಳಿಂದ ಹಿಡಿದು ಸಿಂಹ, ಕುದುರೆ, ಕಪಿಯವರೆಗೆ. ಜೊತೆಗೆ ಗಿಳಿ, ಹಾವು, ಕಪ್ಪೆ. ಈ ಕೊನೆಯ ಮೂರನ್ನೇ ಹಿಡಿದು, ‘ಗಿಳಿಯೂ ನಾನೇ, ಹಾವೂ ನಾನೇ, ಕಪ್ಪೆಯೂ ನಾನೇ (2)’ ಎಂದು ನಾವು ಸೂಚನೆ ಬರೆದೆವು. ‘ಹರಿತ’ವೆಂದರೆ ಸಂಸ್ಕೃತದಲ್ಲಿ ಹಸಿರು, ಕನ್ನಡದಲ್ಲಿ ಕುಡುಗೋಲಿನ ಚೂಪು. ‘ಹುಲ್ಲಿಗೂ ಉಂಟು, ಹುಲ್ಲು ಕೊಯ್ಯುವುದಕ್ಕೂ ಉಂಟು (3)’ ಎಂಬ ಸೂಚನೆಗೆ ಮಕ್ಕಳು ತಲೆ ಕೆರೆದುಕೊಂಡರು. ‘ಪಲಾಶ’ ಇನ್ನೂ ವಿಚಿತ್ರ. ಅದಕ್ಕೆ ಎಲೆಯೆಂಬ ಅರ್ಥವಿದೆ, ಅದರ ಸೋದರನಾದ ‘ಪಾಲಾಶ’ವು ಅಮರನಲ್ಲಿ ಹಸಿರು ಬಣ್ಣದ ಹೆಸರು, ಆದರೆ ಪಲಾಶವೆಂದು ನಾವು ಕರೆಯುವ ಮುತ್ತುಗದ ಮರ ಬೇಸಿಗೆಯ ಬಾಗಿಲಲ್ಲಿ ಎಲೆಯುದುರಿಸಿ ಕೆಂಡದಂತೆ ಹೂಬಿಟ್ಟು ನಿಲ್ಲುತ್ತದೆ.

ಅಚ್ಚಗನ್ನಡದ ಕುಟುಂಬ ಇದಕ್ಕೂ ದೊಡ್ಡದು. ಹಳಗನ್ನಡದ ‘ಪಸಿರ್’ ಪಕಾರವನ್ನು ಬಿಟ್ಟು ‘ಹಸಿರು’ ಆಯಿತು. ಹಸಿ, ಪಚ್ಚೆ, ಪಾಚಿ ಇವೆಲ್ಲ ಅದೇ ಬುಡದ ಚಿಗುರುಗಳು. ಮರಕತ ರತ್ನಕ್ಕೂ ಪಚ್ಚೆಯೆನ್ನುತ್ತೇವೆ; ಅಜ್ಜಿಯರ ಮುಂಗೈ ಮೇಲಿನ ‘ಹಚ್ಚೆ’ಯೂ ಪಚ್ಚೆಯೇ, ಪಕಾರ ಹಕಾರವಾಗಿದೆ ಅಷ್ಟೆ. ಪಚ್ಚಕರ್ಪೂರವನ್ನು ಕಂಡು ‘ಇದು ಬಿಳಿಯಾಗಿದೆಯಲ್ಲ’ ಎಂದು ಒಬ್ಬ ಹುಡುಗ ಕೇಳಿದ. ಅಲ್ಲಿ ಪಚ್ಚೆಯೆಂದರೆ ಬಣ್ಣವಲ್ಲ, ಹಸಿಯಾದದ್ದು ಎಂದರ್ಥ. ಹಸಿ ಕಟ್ಟಿಗೆ, ಹಸಿ ಗಾಯ, ಹಸಿ ಸುಳ್ಳು ಎಂಬಲ್ಲೆಲ್ಲ ಬಣ್ಣ ಹಿಂದೆ ಸರಿದು ಹೊಸತನ ಮುಂದೆ ಬಂದಿದೆ. ಇನ್ನು ಮುಂಗಾರಿನಲ್ಲಿ ನಮ್ಮ ಕಪ್ಪುನೆಲದಲ್ಲಿ ಬಿತ್ತುವ ‘ಹೆಸರು’ ಕಾಳಿಗೂ, ನಾಮಧೇಯವೆಂಬರ್ಥದ ‘ಹೆಸರಿ’ಗೂ ಹಳಗನ್ನಡದಲ್ಲಿ ‘ಪೆಸರ್’ ಎಂಬ ಒಂದೇ ರೂಪ. ‘ಹೊಲದಲ್ಲಿ ಬಿತ್ತಿದರೆ ಹಸಿರು, ಕೂಸಿಗೆ ಇಟ್ಟರೆ ಕರೆಯಲು ಬರುತ್ತದೆ (3)’ ಎಂಬುದನ್ನು ಬಿಡಿಸದ ಮಗುವೇ ಇರಲಿಲ್ಲ.

ಪ್ರಾಣಿವರ್ಗದಲ್ಲಿ ಗಿಳಿ, ಮಿಡತೆ, ಹಸಿರುಹಾವು, ಗೋಸುಂಬೆ, ಕಳ್ಳಿಪೀರ ಇವು ಬಂದವು. ಕಳ್ಳಿಪೀರವೆಂದರೆ ತಂತಿಯ ಮೇಲೆ ಕುಳಿತು ಜೇನ್ನೊಣ ಹಿಡಿಯುವ ಪುಟ್ಟ ಹಸಿರು ಹಕ್ಕಿ. ಹೆಸರು ಗೊತ್ತಿದ್ದವರು ಇಬ್ಬರೇ, ಹಕ್ಕಿಯನ್ನು ಕಂಡವರು ಎಲ್ಲರೂ. ಗಿಳಿಯ ಗರಿಯಲ್ಲಿ ಹಸಿರು ವರ್ಣದ್ರವ್ಯವೇ ಇಲ್ಲವೆಂದು ಹೇಳಿದಾಗ ಮಕ್ಕಳು ನಂಬಲೊಲ್ಲರು. ಗರಿಯ ಸೂಕ್ಷ್ಮ ರಚನೆ ನೀಲಿ ಬೆಳಕನ್ನು ಚದುರಿಸುತ್ತದೆ, ಅದರ ಮೇಲೆ ಹಳದಿ ದ್ರವ್ಯದ ಲೇಪವಿದೆ. ಎರಡೂ ಬೆರೆತು ಕಣ್ಣಿಗೆ ಹಸಿರು. ಗಿಡದ ಹಸಿರಾದರೋ ನಿಜವಾದ ಹಸಿರು ದ್ರವ್ಯ. ಅದಕ್ಕೆ ಫ್ರಾನ್ಸಿನ ಪೆಲ್ಟಿಯೇ, ಕ್ಯಾವೆಂಟೂ ಎಂಬ ವಿಜ್ಞಾನಿಗಳು ಗ್ರೀಕ್ ಭಾಷೆಯ ಹಸಿರು, ಎಲೆ ಎಂಬ ಶಬ್ದಗಳನ್ನು ಕೂಡಿಸಿ ಕ್ಲೋರೋಫಿಲ್ ಎಂದು ಕರೆದರು. ನಮ್ಮವರು ಅದನ್ನೇ ‘ಪತ್ರಹರಿತ್ತು’ ಎಂದರು. ಐದು ಮನೆಗಳ ಸುಂದರ ಶಬ್ದ, ಆದರೆ ಎಷ್ಟು ಹೆಣಗಿದರೂ ನಮ್ಮ ಬಂಧದೊಳಗೆ ಕೂಡಲಿಲ್ಲ.

ಈಗ ಪ್ರಕೃತಕ್ಕೆ ಬರೋಣ. ಮೇಲಿನಿಂದ ಕೆಳಕ್ಕೆ ಹನ್ನೊಂದನೆಯ ಸೂಚನೆ: ‘ನೀರಿನ ಸಹವಾಸದಲ್ಲಿ ಬೆಳೆಯುವ ಜಾರು ಹಸಿರು (3)’. ನಾವು ಮನಸ್ಸಿನಲ್ಲಿಟ್ಟುಕೊಂಡ ಉತ್ತರ ‘ಶೈವಲ’. ಅದರ ನಡುವಿನ ‘ವ’ ಅಡ್ಡಸಾಲಿನ ‘ನವಣೆ’ಯ ‘ವ’ದೊಡನೆ ಕೂಡುತ್ತಿತ್ತು. ಶೈವಲವು ಪಠ್ಯಪುಸ್ತಕದಲ್ಲಿಯೂ ಇರುವ ಶಬ್ದ, ಮಕ್ಕಳಿಗೆ ಪರಿಚಿತವಾಗಿರಲೆಂಬುದು ನಮ್ಮ ಎಣಿಕೆ.

ಆರನೆಯ ಇಯತ್ತೆ ಮುಗಿಸಿದ ದಡ್ಡಿಯ ಹುಡುಗಿಯೊಬ್ಬಳು ಎಲ್ಲಕ್ಕಿಂತ ಮೊದಲು ಹಾಳೆ ತಂದುಕೊಟ್ಟಳು. ಎಲ್ಲ ಸರಿ, ಹನ್ನೊಂದು ಒಂದನ್ನು ಬಿಟ್ಟು. ಅಲ್ಲಿ ಅವಳು ‘ಹಾವಸಿ’ ಎಂದು ಬರೆದಿದ್ದಳು. ನಾವು ಕೆಂಪು ಶಾಯಿಯಿಂದ ಅದರ ಮೇಲೆ ಗೆರೆ ಎಳೆದು ‘ಶೈವಲ’ವೆಂದು ತಿದ್ದಿದೆವು. ಹುಡುಗಿ ಗೆರೆಯನ್ನೇ ನೋಡುತ್ತ, “ಹಾವಸಿ ತಪ್ಪೇನ್ರಿ ಅಜ್ಜಾರ?” ಎಂದಳು. “ಅದು ಆಡುಮಾತು ತಂಗಿ, ಪುಸ್ತಕದಲ್ಲಿ ಶೈವಲ” ಎಂದೆವು. ಹಿಂದಿನಿಂದ ಒಬ್ಬ ಪೋರ, “ದಡ್ಡಿಯಿಂದ ಬಂದಾಕಿ ದಡ್ಡೀನ ಇರ್ತಾಳ್ರಿ” ಎಂದು ನಗೆಯಾಡಿದ. ದಡ್ಡಿಯೆಂದರೆ ಈ ಸೀಮೆಯಲ್ಲಿ ದನಕುರಿಗಳನ್ನು ಕೂಡುವ ಆವರಣ. ಊರಿನ ಹೆಸರಿಗೆ ಆ ಅರ್ಥವೇ ಸಹಜ. ಬುದ್ಧಿ ಕಡಿಮೆಯಿರುವವಳೆಂಬ ಅರ್ಥ ಬೇರೆ ದಾರಿಯದು. ಇದನ್ನು ಆ ಪೋರನಿಗೆ ವಿವರಿಸಿ ಹೇಳುವುದರಲ್ಲಿ ನಾವು ಮಗ್ನರಾದೆವು. ಆಕೆ ಎದ್ದು ಹೋದದ್ದನ್ನು ಗಮನಿಸಲಿಲ್ಲ. ಬಹುಮಾನದ ಪುಸ್ತಕ ಬೇರೊಬ್ಬನಿಗೆ ಸಂದಿತು.

ರಾತ್ರಿ ಪ್ರಸಾದವಾದ ಮೇಲೆ ಉಳಿದ ಹಾಳೆಗಳನ್ನು ತಿರುವಿದೆವು. ಹೊಳೆದಂಡೆಯ ಊರುಗಳಿಂದ ಬಂದ ಇನ್ನೂ ನಾಲ್ವರು ಹಾವಸಿ ಎಂದೇ ಬರೆದಿದ್ದರು. ಐದನೆಯದೊಂದು ಹಾಳೆಯಲ್ಲಿ ಆ ಮೂರು ಮನೆಗಳು ಖಾಲಿ ಇದ್ದವು. ಆದರೆ ದೀಪದ ಹತ್ತಿರ ಹಿಡಿದರೆ ರಬ್ಬರಿನಿಂದ ಒರೆಸಿದ ಗುರುತು ಕಾಣುತ್ತಿತ್ತು. ‘ಹಾ’, ‘ವ’, ‘ಸಿ’. ಬಹುಶಃ ಹಗಲಿನ ನಗೆಯನ್ನು ಕೇಳಿ ಒರೆಸಿದ್ದಿರಬೇಕು.

ಆಗ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಹಾ-ವ-ಸೆ. ಮೂರು ಮನೆ. ನಡುವೆ ‘ವ’. ನವಣೆಯೊಡನೆ ಕೂಡುತ್ತದೆ. ಸೂಚನೆಯ ಒಂದೊಂದು ಮಾತಿಗೂ ಸಲ್ಲುತ್ತದೆ. ಜಾರುವ ಗುಣವನ್ನು ಹೇಳುವುದರಲ್ಲಂತೂ ಶೈವಲಕ್ಕಿಂತ ಹೆಚ್ಚು ಸಲ್ಲುತ್ತದೆ. ಎರಡು ಉತ್ತರಗಳಿಗೆ ಎಡೆಗೊಡುವ ಬಂಧವನ್ನು ಕಟ್ಟಿದರೆ ತಪ್ಪು ಕಟ್ಟಿದವನದೇ ಹೊರತು ಬಿಡಿಸಿದವರದಲ್ಲ. ಇದು ಈ ಆಟದ ಮೊದಲ ನಿಯಮ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಅವರ ನಿಘಂಟನ್ನು ತೆಗೆದೆವು. ಹಾವಸೆ ಅಲ್ಲಿತ್ತು. ಅಷ್ಟಕ್ಕೇ ಮುಗಿದಿದ್ದರೆ ನಮ್ಮ ನಾಚಿಕೆ ಒಂದು ಪಾಲಿನದಾಗುತ್ತಿತ್ತು. ಆದರೆ ಪುಸ್ತಕ ಮುಚ್ಚುವಾಗ ಬಸವಣ್ಣನವರ ವಚನವೊಂದು ನೆನಪಿಗೆ ಬಂದಿತು. ಹಾವಸೆಗಲ್ಲನ್ನು ಮೆಟ್ಟಿ ಓಡಿ ಗುರಿ ಮುಟ್ಟುವುದು ಎಷ್ಟು ಕಠಿಣವೋ, ನುಡಿದಂತೆ ನಡೆಯುವುದೂ ಅಷ್ಟೇ ಕಠಿಣವೆಂಬ ಭಾವದ ವಚನವದು. ಮೂವತ್ತು ವರುಷಗಳಿಂದ ಅದನ್ನು ನಾವು ಪಾಠ ಹೇಳಿದ್ದೇವೆ. ಹನ್ನೆರಡನೆಯ ಶತಮಾನದಲ್ಲಿ ಅಣ್ಣನವರು ಆಡಿದ ಶಬ್ದವನ್ನೇ, ಅವರ ವಚನ ಕಲಿಯಲೆಂದು ಬಂದ ಕೂಸಿನ ಹಾಳೆಯಲ್ಲಿ, ಆಡುಮಾತೆಂದು ಕೆಂಪು ಶಾಯಿಯಿಂದ ಹೊಡೆದು ಹಾಕಿದ್ದೆವು.

ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನೂ ಸರ್ವಜ್ಞನ ಒಗಟುಗಳನ್ನೂ ಬಿಡಿಸಿ ಹೇಳಬಲ್ಲೆವೆಂಬ ಹಮ್ಮು ನಮಗಿತ್ತು. ಬೆಡಗಿಗೆ ಒಂದೇ ಉತ್ತರವೆಂಬುದಿಲ್ಲ, ಟೀಕಾಕಾರರು ನಾಲ್ಕು ಬಗೆಯಾಗಿ ಹೇಳಿದರೂ ನಾಲ್ಕನ್ನೂ ಗೌರವಿಸುತ್ತೇವೆ. ಹನ್ನೊಂದು ವರುಷದ ಹುಡುಗಿಯ ಒಂದು ಉತ್ತರಕ್ಕೆ ಅಷ್ಟು ಎಡೆ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಆಕೆಯನ್ನು ಕರೆಸಬೇಕೆಂದರೆ, ಮನೆಯಿಂದ ಯಾರೋ ಬಂದು ರಾತ್ರಿಯೇ ಕರೆದೊಯ್ದರೆಂದು ತಿಳಿಯಿತು, ಅಜ್ಜಿಗೆ ಸ್ವಸ್ಥವಿಲ್ಲವಂತೆ. ಉಳಿದ ಮಕ್ಕಳೆದುರು ನಮ್ಮ ತಪ್ಪನ್ನು ಹೇಳಿ ಅಂಕಗಳನ್ನು ತಿದ್ದಿದೆವು. ನಕ್ಕಿದ್ದ ಪೋರನೂ ತಲೆ ತಗ್ಗಿಸಿದ. ಆದರೆ ತಿದ್ದುಪಡಿ ತಲುಪಬೇಕಾದಲ್ಲಿಗೆ ತಲುಪಿರಲಿಲ್ಲ. ಒಂದು ವಾರದ ನಂತರ ವಚನಗಳ ಒಂದು ಕಿರುಪುಸ್ತಕವನ್ನು ಜೋಳಿಗೆಯಲ್ಲಿಟ್ಟುಕೊಂಡು ದಡ್ಡಿಯ ಬಸ್ಸು ಹತ್ತಿದೆವು.

ದಡ್ಡಿ ಘಟಪ್ರಭೆಯ ದಂಡೆಯ ಊರು. ಸಹ್ಯಾದ್ರಿಯಲ್ಲಿ ಹುಟ್ಟಿ ಕೊಲ್ಲಾಪುರ ಸೀಮೆಯನ್ನು ಹಾಯ್ದು ಬರುವ ಹೊಳೆ ಇಲ್ಲಿಂದ ಮುಂದೆ ಹಿಡಕಲ್ ಜಲಾಶಯದಲ್ಲಿ ನಿಂತು, ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ಧುಮುಕಿ, ಕೊನೆಗೆ ಕೃಷ್ಣೆಯನ್ನು ಕೂಡುತ್ತದೆ. ಮಹಾರಾಷ್ಟ್ರದ ಗಡಿ ಹತ್ತಿರ. ಕನ್ನಡ ಮರಾಠಿ ಎರಡೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತವೆ. ಬೇಸಿಗೆಯಾದ್ದರಿಂದ ನೀರು ಇಳಿದು ಕಲ್ಲುಗಳು ಮೈದೋರಿದ್ದವು, ಕಲ್ಲಿನ ಮೇಲೆಲ್ಲ ಹಸಿರು. ನೀರು ಹರಿಯುವುದು ಕುಂದಿ ಬಿಸಿಲು ತಳಕ್ಕೆ ತಾಗಿದಲ್ಲಿ ಅದು ಹಬ್ಬುವುದು ಸಹಜ. ಹೊಲಗಳ ಸರಕಾರಿ ಗೊಬ್ಬರವೂ ಊರಿನ ಬಚ್ಚಲ ನೀರೂ ಹೊಳೆ ಸೇರಿದರೆ ಮತ್ತೂ ಹಬ್ಬುತ್ತದೆ.

ಹುಡುಗಿಯ ಮನೆ ಸಿಕ್ಕಿತು. ಅಜ್ಜಿ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದಳು, ಪಾದಕ್ಕೆ ಪಟ್ಟಿ ಕಟ್ಟಿತ್ತು. ಹೊಳೆಯಲ್ಲಿ ಅರಿವೆ ಸೆಳೆಯುವಾಗ ಜಾರಿ ಬಿದ್ದಿದ್ದಳಂತೆ. ಎಲುಬು ಮುರಿದಿಲ್ಲವೆಂಬುದೇ ಸಮಾಧಾನ.

“ಶರಣಾರ್ಥಿ ಅಜ್ಜಾರ. ಏಳಾಕ ಬರವಲ್ದು, ತಪ್ಪ ತಿಳೀಬ್ಯಾಡ್ರಿ” ಎಂದಳು.

“ಕುಳಿತಿರು ತಾಯಿ. ತಪ್ಪು ನಮ್ಮದಿದೆ, ಅದನ್ನು ಹೇಳಲಿಕ್ಕೇ ಬಂದಿದ್ದೇವೆ” ಎಂದು ನಡೆದದ್ದನ್ನು ಹೇಳಿದೆವು. ಹುಡುಗಿ ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಪುಸ್ತಕವನ್ನು ಅವಳ ಕೈಗಿತ್ತು, ಗುರುತು ಮಾಡಿದ್ದ ಪುಟವನ್ನು ಓದಲು ಹೇಳಿದೆವು. ಆಕೆ ನಿಧಾನವಾಗಿ ಓದಿದಳು. ‘ಹಾವಸೆ’ ಬಂದಲ್ಲಿ ಧ್ವನಿ ಸ್ವಲ್ಪ ಎತ್ತರವಾಯಿತು.

ಅಜ್ಜಿ ಕಣ್ಣರಳಿಸಿ ಕೇಳಿ, “ಬಸವಣ್ಣನೂ ಎಲ್ಲೋ ಒಮ್ಮಿ ಜಾರಿ ಬಿದ್ದಿದ್ದ ಅಂತ ಕಾಣ್ತೈತಿ ಬಿಡವಾ. ಬೀಳದಾವ್ರಿಗೆ ಆ ಮಾತ ಎಲ್ಲಿಂದ ಬರಬೇಕ?” ಎಂದಳು. ನಮ್ಮ ಮೂವತ್ತು ವರುಷದ ಪಾಠದಲ್ಲಿ ಇಂಥ ಟೀಕೆಯನ್ನು ಕೇಳಿರಲಿಲ್ಲ.

ಮೊಮ್ಮಗಳನ್ನು ಕರೆದುಕೊಂಡು ಹೊಳೆಗೆ ಇಳಿದೆವು. ಮೂರು ಹೆಜ್ಜೆ ಇಡುವುದರೊಳಗೆ ಆಕೆ, “ಹಾವಸಿ ಐತ್ರಿ ಅಜ್ಜಾರ!” ಎಂದು ಕೂಗಿ ನಮ್ಮ ಕೈ ಹಿಡಿದಳು. ಶೈವಲವೆಂದು ಕೂಗಿದ್ದರೆ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ನಾವು ನೀರಿನಲ್ಲಿರುತ್ತಿದ್ದೆವು. ಕಲ್ಲಿನ ಆಚೆ ನಿಂತ ನೀರಿನಲ್ಲಿ ಬಿಚ್ಚಿದ ಕೂದಲಿನಂಥ ಹಸಿರು ಎಳೆಗಳು ತೇಲುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆ ಹಸಿರು ಸುರುಳಿ ಕಾಣುವ ಸ್ಪೈರೋಗೈರಾ ಇಂಥ ನೀರಿನಲ್ಲಿಯೇ ಬೆಳೆಯುತ್ತದೆ. ಮರಳಿ ಬಂದು, ಅದಕ್ಕೂ ಹಾವಸಿ ಎನ್ನುತ್ತೀರಾ ಎಂದು ಅಜ್ಜಿಯನ್ನು ಕೇಳಿದೆವು. “ಇಲ್ರಿ, ಕಲ್ಲಿಗಿ ಹತ್ತಿದ್ದಷ್ಟ ಹಾವಸಿ. ಅದು ನೀರಾಗ ತೇಲತೈತಿ, ಯಾರನ್ನೂ ಬೀಳಸಂಗಿಲ್ಲ. ಅದಕ್ಕ ಹೆಸರ ಇಟ್ಟ ಏನ ಮಾಡೂದ್ರಿ?” ಎಂಬ ಉತ್ತರ ಬಂದಿತು.

ಅಷ್ಟರಲ್ಲಿ ನೆರೆಮನೆಯ ಮರಾಠಿ ಹೆಣ್ಣುಮಗಳು ಚಹಾ ತಂದವಳು, ತಾವು ಅದಕ್ಕೆಲ್ಲ ‘ಶೇವಾಳ’ ಎನ್ನುತ್ತೇವೆಂದು ಹೇಳಿದಳು. ನಮ್ಮ ಶೈವಲವೇ ಅದು. ಪುಸ್ತಕದ ಮಾತೆಂದು ನಾವು ತಿಳಿದದ್ದು ದಡ್ಡಿಯ ಇನ್ನೊಂದು ಅಡುಗೆಮನೆಯಲ್ಲಿ ದಿನಬಳಕೆಯ ಮಾತಾಗಿತ್ತು. ಅಮರಕೋಶವಂತೂ ಶೈವಲಕ್ಕೆ ‘ಜಲನೀಲಿ’ ಎಂಬ ಹೆಸರನ್ನೂ ಕೊಡುತ್ತದೆ. ಹಸಿರಿಗೆ ನೀಲಿಯೆಂದನಲ್ಲ ಎಂದು ಬಾಲ್ಯದಲ್ಲಿ ನಗುತ್ತಿದ್ದೆವು. ಈಗಿನ ವಿಜ್ಞಾನದಲ್ಲಿ ನೀಲಿ-ಹಸಿರು ಪಾಚಿಯೆಂಬ ಒಂದು ವರ್ಗವೇ ಇದ್ದು, ಅದು ಸಸ್ಯವೇ ಅಲ್ಲ, ಬ್ಯಾಕ್ಟೀರಿಯಾಗಳ ಬಳಗವೆಂದು ತಿಳಿದ ಮೇಲೆ ನಗು ನಿಂತಿದೆ. ಮರಾಠಿಯಲ್ಲಿ ಮರಕತಕ್ಕೆ ‘ಪಾಚೂ’ ಎನ್ನುತ್ತಾರೆಂಬುದನ್ನೂ ಆ ತಾಯಿಯ ಬಾಯಿಂದಲೇ ಕೇಳಿದೆವು. ಒಬ್ಬರ ಪಾಚಿ ಕಾಲಡಿಗೆ, ಇನ್ನೊಬ್ಬರ ಪಾಚೂ ಉಂಗುರಕ್ಕೆ!

ಅಂದು ಮಧ್ಯಾಹ್ನ ನಮ್ಮ ಟಿಪ್ಪಣಿ ಪುಸ್ತಕ ತುಂಬಿತು. ಗರಿಕೆಗೆ ಅಲ್ಲಿ ‘ಕರಕಿ’, ಮಿಡತೆಗೆ ‘ಮಿಡಚಿ’, ಸೊಪ್ಪಿಗೆ ‘ತಪ್ಪಲ’. ಬೇಯಿಸಿ ಉಣ್ಣುವುದಾದರೆ ಅದೇ ‘ಪಲ್ಯೆ’. ಪುಂಡಿಪಲ್ಯೆ, ಕಡ್ಲಿಪಲ್ಯೆ, ರಾಜಗಿರಿ, ಸಬ್ಬಸಗಿ, ಎಳೆಯ ಕುಸುಬಿ. ಬಿಲ್ವಕ್ಕೆ ನಮ್ಮ ಮನೆಗಳಲ್ಲಿರುವಂತೆ ಬರಿಯ ‘ಪತ್ರಿ’. ಒಂದೊಂದನ್ನೂ ಅಜ್ಜಿ ಹೇಳುವುದು, ಮೊಮ್ಮಗಳು ಬೆರಳು ಮಡಿಸಿ ಮನೆ ಎಣಿಸುವುದು. ಬೆಂಗಳೂರಿನ ಕಡೆಯ ಪದಬಂಧಗಳಲ್ಲಿ ಇವಕ್ಕೆ ಎಡೆ ಸಿಕ್ಕದ್ದನ್ನು ನಾವು ನೋಡಿಲ್ಲ. ಅಲ್ಲಿಯ ‘ಸೊಪ್ಪು’ ನಮ್ಮ ಮಕ್ಕಳಿಗೆ ಬರಲೇಬೇಕು, ಇಲ್ಲಿಯ ‘ತಪ್ಪಲ’ ಅಲ್ಲಿಯ ಮಕ್ಕಳಿಗೆ ಬರಬೇಕಾಗಿಲ್ಲ. ಇದನ್ನು ಆಕ್ಷೇಪವೆಂದೇ ತಿಳಿಯಬಹುದು.

ಹೊರಡುವ ಹೊತ್ತಿಗೆ ರೊಟ್ಟಿ ಉಣ್ಣದೆ ಬಿಡಲಿಲ್ಲ. ರೊಟ್ಟಿಯ ಜೊತೆಗೆ ಹಸಿಯಾಗಿಯೇ ತಿನ್ನುವ ಎಲೆಗಳ ಒಂದು ಹಿಡಿಯನ್ನು ತೊಳೆದು ತಾಟಿನ ಅಂಚಿಗಿಟ್ಟರು. ಚಿಕ್ಕಂದಿನಲ್ಲಿ ಮಠದ ಪಂಕ್ತಿಯಲ್ಲಿ ತಿಂದಿದ್ದ ರುಚಿ. ಹೆಸರು ಮಾತ್ರ ಎಷ್ಟು ತಡಕಿದರೂ ನಾಲಗೆಗೆ ಬರಲಿಲ್ಲ. ನಮ್ಮ ಮುಖ ನೋಡಿ ಹುಡುಗಿಗೆ ನಗು ತಡೆಯದಾಯಿತು.

“ಎಷ್ಟು ಮನೆ, ಅದನ್ನಾದರೂ ಹೇಳು ತಂಗಿ” ಎಂದೆವು.

“ನಾಕ್ರಿ ಅಜ್ಜಾರ. ಎರಡನೇದಕ್ಕ ಒತ್ತು ಐತಿ.”

ಬಸ್ಸು ಬರುವವರೆಗೂ ಆಕೆ ಹೇಳಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಾವು ಕಾಲಿಟ್ಟಾಗ ಬೆರಳು ಮಡಿಸುತ್ತ ಕೂಗಿದಳು: “ಹ, ಕ್ಕ, ರ, ಕಿ!”